ಬಾವಿಗಿಳಿದವನು ಮೇಲೆ ಬಂದದ್ದು ಹೇಗೆ

ವೆಂಕಟರತ್ನಮ್ಮ ಮಕ್ಕಳ ಪುಸ್ತಕಗಳನ್ನು ಅಕ್ಕಿ ಆರಿಸುವ ಹಾಗೆ ಓದುತ್ತಿದ್ದಳು. ಅಕ್ಕಿಯಲ್ಲಿ ಕಲ್ಲು ಸಿಕ್ಕರೆ ಎತ್ತಿ ಎಸೆಯಬಹುದು. ಪುಸ್ತಕದೊಳಗಿನ ಕಲ್ಲನ್ನು ಏನು ಮಾಡುವುದು? ಹಾಳೆ ಹರಿಯಲು ಅವಳಿಗೆ ಮನಸ್ಸು ಬಾರದು. ಹಾಗಾಗಿ ಭಾನುವಾರ ಮಧ್ಯಾಹ್ನ ಬಂಗಾರಪೇಟೆಯ ಮನೆಯ ಪಡಸಾಲೆಯಲ್ಲಿ ಕೂತು, ಬಟ್ಟಲಿನಲ್ಲಿ ಮೈದಾ ಅಂಟು ಕಾಯಿಸಿಟ್ಟುಕೊಂಡು, ಮಕ್ಕಳು ಓದಬಾರದು ಅನ್ನಿಸಿದ ಪುಟವನ್ನು ಅದರ ಎದುರು ಪುಟಕ್ಕೆ ಅಂಟಿಸಿ, ಒಣಗುವ ತನಕ ಮೇಲೆ ರುಬ್ಬುಗುಂಡು ಹೇರಿಡುತ್ತಿದ್ದಳು.

"ತಿನ್ನೋ ಇಟ್ಟನ್ನ ಪುಸ್ತಕಕ್ಕೆ ಬಳೀತೀಯಲ್ಲೇ," ಎಂದು ಅವಳ ತಾಯಿ ನರಸಮ್ಮ ಗೊಣಗುತ್ತಿದ್ದಳು. "ಬೆಂಗಳೂರಲ್ಲಿ ಬಿ.ಎ. ಓದಿಸಿದ್ದು ಇದಕ್ಕೇನಾ? ಗೋಡೆಗೆ ಸಿನಿಮಾ ಕಾಗದ ಅಂಟಿಸೋನೂ ಇಷ್ಟು ಒದ್ದಾಡಲ್ಲ."

"ಮಕ್ಕಳು ಹೆದರ್ತಾರಮ್ಮ."

"ಎದರೋಳು ನೀನು. ಮಕ್ಕಳ ಎಸರು ಯಾಕೆ ಯೋಳ್ತೀಯ?"

ಅದು ಸುಳ್ಳೂ ಅಲ್ಲ. ವೆಂಕಟರತ್ನಮ್ಮ ಊರಿಗಾಂನ ಶಾಲೆಗೆ ಸೇರಿ ಎರಡು ವರ್ಷವಾಗಿತ್ತು. ಬೆಳಿಗ್ಗೆ ಮಾರಿಕುಪ್ಪಂ ರೈಲಿನಲ್ಲಿ ಹೋಗುವುದು, ಸಂಜೆ ಹಿಂದಿರುಗುವುದು. ಸೇರಿದ ಮೊದಲ ವಾರವೇ, ಮಗ್ಗಿ ಹೇಳಿಸುತ್ತಿದ್ದಾಗ ನೆಲ ಒಮ್ಮೆ ಗುಡುಗಿತು; ಕರಿಹಲಗೆ ಗೋಡೆಗೆ ಬಡಿದು ಸೀಮೆಸುಣ್ಣದ ಡಬ್ಬ ಉರುಳಿಬಿತ್ತು. ಅವಳು ಎರಡು ಕೈಯಿಂದ ಮೇಜು ಹಿಡಿದುಕೊಂಡಳು. ಮಕ್ಕಳು ಮಾತ್ರ ತಲೆ ಎತ್ತಲಿಲ್ಲ. "ಏನಿಲ್ಲ ಟೀಚರ್, ಏರ್‌ಬ್ಲಾಸ್ಟು," ಎಂದಳು ಮುಂದಿನ ಸಾಲಿನ ಹುಡುಗಿಯೊಬ್ಬಳು, ಚಿಕ್ಕ ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ. "ಕೆಳಗೆ ಕಲ್ಲು ಸಿಡೀತದೆ. ಅಷ್ಟೆ."

ಆ ಹುಡುಗಿ ಕನಕಮ್ಮ. ಕೆಳಗೆ ಎಂದರೆ ಆ ಮಕ್ಕಳ ಅಪ್ಪಂದಿರು ಇದ್ದ ಕಡೆ.

ಬಂಗಾರಪೇಟೆಯ ಹೊಲಮನೆಯವರಿಗೆ ಗಣಿ ಎಂದರೆ ಒಂದು ದಿಗಿಲು. ನೆಲದ ಮೇಲೆ ರಾಗಿ ಬೆಳೆದುಕೊಂಡು ಇರುವವರು, ನೆಲದೊಳಗೆ ಮೈಲಿಗಟ್ಟಲೆ ಇಳಿಯುವವರ ಮಕ್ಕಳಿಗೆ ಏನು ಓದಲು ಕೊಡಬೇಕು? ವೆಂಕಟರತ್ನಮ್ಮ ಬಹಳ ಯೋಚಿಸಿದ್ದಳು. ಶಾಲೆಯ ತಗಡಿನ ಟ್ರಂಕಿನಲ್ಲಿ ನಲವತ್ತೊಂದು ಪುಸ್ತಕಗಳಿದ್ದವು. ಅರ್ಧ ಇಲಾಖೆ ಕೊಟ್ಟಿದ್ದು, ಇನ್ನರ್ಧ ಅವಳೇ ಬೆಂಗಳೂರಿನಿಂದ ಹೊತ್ತು ತಂದಿದ್ದು. ಅವುಗಳಲ್ಲಿ ಯಾರಾದರೂ ಕತ್ತಲೆಯಲ್ಲಿ ಸಿಕ್ಕಿಕೊಂಡರೆ, ಗುಹೆಯ ಬಾಯಿ ಮುಚ್ಚಿಹೋದರೆ, ಅಪ್ಪ ಮನೆಗೆ ಬಾರದಿದ್ದರೆ, ಆ ಪುಟಕ್ಕೆ ಮೈದಾ ಬೀಳುತ್ತಿತ್ತು. ಉಳಿದದ್ದನ್ನು ಅವಳು ಔಷಧಿ ಅಳೆದಂತೆ ಕೊಡುತ್ತಿದ್ದಳು. ಯಾರಿಗೆ ಯಾವುದು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು: ಅಳುಬುರುಕನಿಗೆ ಆನೆಗೆ ಅಂಗಿ ಹೊಲಿದ ದರ್ಜಿಯ ಕಥೆ, ಜಗಳಗಂಟಿಗೆ ಹುಲಿಗೆ ಮಜ್ಜಿಗೆ ಮಾರಿದ ಅಜ್ಜಿಯ ಕಥೆ, ತಂಗಿ ಹುಟ್ಟಿದವಳಿಗೆ ಹನ್ನೆರಡು ಮರಿಗಳನ್ನು ಎಣಿಸಲಾರದ ಕೋಳಿಯ ಕಥೆ.

ಮಕ್ಕಳು ಪುಸ್ತಕಗಳ ಹೆಸರನ್ನು ಓದುತ್ತಲೇ ಇರಲಿಲ್ಲ. ದರ್ಜಿ ಪುಸ್ತಕ, ಮಜ್ಜಿಗೆ ಪುಸ್ತಕ, ಬಾವಿ ಪುಸ್ತಕ ಎಂದು ಕೇಳಿ ಪಡೆಯುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಕೈ ಬದಲಾಯಿಸುತ್ತಿದ್ದದ್ದು ಬಾವಿ ಪುಸ್ತಕ. ಅದರ ರಟ್ಟು ಎಣ್ಣೆ ಕುಡಿದ ಬಾಗಿಲಿನಂತಾಗಿತ್ತು. ಹಾಳು ಬಾವಿಗೆ ಬಿದ್ದ ಮೇಕೆಮರಿಯನ್ನು ತರಲು ಸಿದ್ದ ಎಂಬ ಹುಡುಗ ಇಳಿಯುತ್ತಾನೆ, ಹಗ್ಗ ಕಡಿಯುತ್ತದೆ. ಆಮೇಲೆ ಅವನು ಕತ್ತಲಲ್ಲಿ ಕಳೆದ ರಾತ್ರಿಯ ಪುಟವನ್ನು ವೆಂಕಟರತ್ನಮ್ಮ ಅಂಟಿಸಿದ್ದಳು. ಮುಂದಿನ ಪುಟದಲ್ಲಿ ಸಿದ್ದ ಮನೆಯಲ್ಲಿ ಕೂತು ಪಾಯಸ ತಿನ್ನುತ್ತಿದ್ದ. ಹೇಗೂ ಮನೆಗೆ ಬಂದನಲ್ಲ, ಇನ್ನೇನು, ಎಂದು ಅವಳು ನಿಶ್ಚಿಂತಳಾಗಿದ್ದಳು. ಚಿತ್ರ ಬಿಡಿಸಲು ಹೇಳಿದಾಗ ಮಕ್ಕಳು ಆ ಬಾವಿಯೊಳಗೆ ಗಣಿಯ ಕೇಜನ್ನು, ಜನರನ್ನು ಇಳಿಸಿ ಏರಿಸುವ ಆ ಕಬ್ಬಿಣದ ಪಂಜರವನ್ನು ಬಿಡಿಸುತ್ತಿದ್ದುದು ಯಾಕೆಂದು ಮಾತ್ರ ಅವಳಿಗೆ ತಿಳಿದಿರಲಿಲ್ಲ.

ಐವತ್ತೆಂಟನೆಯ ಇಸವಿಯ ಶ್ರಾವಣದಲ್ಲಿ ಕನಕಮ್ಮ ಶಾಲೆಗೆ ಬರುವುದು ನಿಂತುಹೋಯಿತು.

ಅವಳ ಅಪ್ಪ ಆರುಮುಗಂ ಕೆಲಸ ಮಾಡುತ್ತಿದ್ದ ಸುರಂಗದಲ್ಲಿ ಕಲ್ಲು ಕುಸಿದು, ಅವನೂ ಇನ್ನೊಬ್ಬ ಮುದುಕನೂ ಹದಿನೆಂಟು ಗಂಟೆ ಒಳಗೆ ಸಿಕ್ಕಿಕೊಂಡಿದ್ದರು. ಮುದುಕ ಉಳಿಯಲಿಲ್ಲ. ಆರುಮುಗಂ ಕಾಲು ಮುರಿದುಕೊಂಡು ಮೇಲೆ ಬಂದ. ಆಸ್ಪತ್ರೆಯವರು ತೊಡೆಯ ತನಕ ಸಿಮೆಂಟಿನಂಥ ಪಟ್ಟಿ ಹಾಕಿ ಮನೆಗೆ ಕಳಿಸಿದ್ದರು. ಇದೆಲ್ಲ ಮಕ್ಕಳ ಬಾಯಿಂದ ವೆಂಕಟರತ್ನಮ್ಮನಿಗೆ ಗೊತ್ತಾಯಿತು.

ಮೂರು ವಾರ ಕಳೆದ ಮೇಲೆ ಹೆಡ್‌ಮಾಸ್ಟರ್ ಕೋದಂಡಪ್ಪ ಹಾಜರಿ ಪುಸ್ತಕ ತೆರೆದು ಬೆರಳಿಟ್ಟರು. "ಮುಂದಿನ ಸೋಮವಾರ ಒಂದನೇ ತಾರೀಖು. ಅಷ್ಟರಲ್ಲಿ ಬರದಿದ್ದರೆ ಹೆಸರು ಹೊಡೀಬೇಕಾಗ್ತದೆ. ನನ್ನ ಕಾನೂನಲ್ಲಮ್ಮ, ಇಲಾಖೇದು."

"ಹೊಡೆದರೆ ಮತ್ತೆ ಸೇರಿಸ್ಕೊಳ್ಳಬಹುದಲ್ಲ ಸಾರ್?"

"ಸೇರಿಸ್ಕೊಳ್ಳಬಹುದು. ಬರ್ತಾರೇನು? ಈ ಇಪ್ಪತ್ತು ವರ್ಷದಲ್ಲಿ ಹೆಸರು ಹೊಡೆಸಿಕೊಂಡ ಹೆಣ್ಣುಮಗು ತಿರುಗಿ ಬಂದದ್ದು ನಾನು ನೋಡಿಲ್ಲ."

ಅಂದು ಬುಧವಾರ. ಸಂಜೆ ವೆಂಕಟರತ್ನಮ್ಮ ದರ್ಜಿ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಕೂಲಿ ಲೈನಿಗೆ ನಡೆದಳು. ಬಿದಿರು ತಟ್ಟಿಯ ಮನೆಗಳ ಸಾಲು. ಹಿಂದೆ, ಚಿನ್ನ ತೆಗೆದುಳಿದ ಪುಡಿ ಸುರಿದ ಬೂದಿ ಬಣ್ಣದ ಸೈನೈಡ್ ದಿಬ್ಬ. ಹೊಸ್ತಿಲಲ್ಲೇ ಆರುಮುಗಂ ಕೂತಿದ್ದ, ಬಿಳಿ ಕಾಲು ಬೀದಿಗೆ ಚಾಚಿ. ಪಕ್ಕದಲ್ಲಿ, ಅವನ ಕಣ್ಣಿಗೆ ಬೀಳುವ ಹಾಗೆ, ಕನಕಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವನು ಟೀಚರಿಗೆ ಕೈ ಮುಗಿದ.

"ವಾಂಗಮ್ಮಾ, ಬನ್ನಿ ಟೀಚರಮ್ಮ," ಎಂದು ಅವನ ಹೆಂಡತಿ ಮಾರಿಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಅವಳನ್ನು ಒಳಗೆ ಕರೆದು ದನಿ ತಗ್ಗಿಸಿದಳು. "ಅವರು ಒಂಟಿಯಾಗಿ ಇರಲ್ಲ. ನಾನು ಬಂಗಲೆ ಕೆಲಸಕ್ಕೆ ಓಗ್ಲೇಬೇಕು. ಈ ಪುಳ್ಳೆ ಕನಕ ಒಂದು ಚಣ ಕಣ್ಣಿಗೆ ಕಾಣದಿದ್ರೆ ಮೈಯೆಲ್ಲ ಬೆವರು. ನೀರಿಗೆ ಕಳ್ಸೋಕೂ ಆಗಲ್ಲ. ಒಳಗೆ ಏನಾಯ್ತು ಅಂತ ಒಂದು ಮಾತು ಯೋಳಿಲ್ಲ, ಯಾರ್ಗೂ ಯೋಳಿಲ್ಲ. ಅನ್ನ ಕೊಟ್ರೆ ತಿಂತಾರೆ. ಅಷ್ಟೆ."

"ಸೋಮವಾರಕ್ಕೆ ಅವಳ ಹೆಸರು ಹೊಡೀತಾರೆ ಮಾರಿಯಮ್ಮ."

"ಒಡೆದ್ರೆ ಒಡೀಲಿ. ಕಾಲು ಸರಿಯಾದ್ಮೇಲೆ ಬಂಗಲೇಲಿ ದೊರೆಸಾನಿ ಮಗು ಆಡ್ಸೋಕೆ ಕೇಳವ್ರೆ, ಇವಳ್ನ ಕಳಿಸ್ತೀನಿ." ಹೇಳಿದವಳೇ ಒಲೆಯ ಕಡೆ ತಿರುಗಿಕೊಂಡಳು. ಅವಳ ಬೆನ್ನು ಹೇಳಿದ್ದು ಬೇರೆಯೇ ಎಂದು ವೆಂಕಟರತ್ನಮ್ಮನಿಗೆ ಅನ್ನಿಸಿತು.

ಹೊರಗೆ ಬಂದು ಅವಳು ಕನಕಮ್ಮನ ಕೈಗೆ ದರ್ಜಿ ಪುಸ್ತಕ ಕೊಟ್ಟಳು. "ಅಪ್ಪನಿಗೆ ಓದಿ ಹೇಳು."

"ಇದು ಓದಿ ಆಗೈತೆ ಟೀಚರ್. ಓದಿದ ಪುಸ್ತಕವೆಲ್ಲ ನೆನಪಿಂದಾನೇ ಯೋಳ್ಬಿಟ್ಟೆ." ಹುಡುಗಿ ಅಪ್ಪನನ್ನು ಒಮ್ಮೆ ನೋಡಿ ದನಿ ಇಳಿಸಿದಳು. "ದರ್ಜಿ ಕಥೆಗೆ, 'ಆ ಆನೆಗೆ ಬೇರೆ ಕೆಲ್ಸ ಇಲ್ವಾ' ಅಂದ್ರು. ಮಜ್ಜಿಗೆ ಕಥೆಗೆ ನಿದ್ದೆ ಮಾಡ್ಬಿಟ್ರು. ನಂಗೆ ಬಾವಿ ಪುಸ್ತಕ ಬೇಕು ಟೀಚರ್."

ವೆಂಕಟರತ್ನಮ್ಮ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. ಈ ಮನೆಗೆ ಆ ಪುಸ್ತಕವೇ? ಅಂಟಿಸಿದ್ದೇನೋ ನಿಜ. ಆದರೂ ಬಾವಿ, ಕಡಿದ ಹಗ್ಗ. "ಅದು ಈಗ ಬೇಡ ಕನಕ," ಎಂದಳು. "ಆಮೇಲೆ ನೋಡೋಣ. ಮೊದಲು ಒಂದು ನಗುವ ಪುಸ್ತಕ ತಂದುಕೊಡ್ತೀನಿ."

ಹುಡುಗಿ ದರ್ಜಿ ಪುಸ್ತಕವನ್ನು ಹಿಂದಕ್ಕೆ ಕೊಟ್ಟು ಬೆಳ್ಳುಳ್ಳಿಯ ಕಡೆಗೆ ತಲೆ ತಗ್ಗಿಸಿದಳು.

ಗುರುವಾರ ವೆಂಕಟರತ್ನಮ್ಮ ಮನೆಯಲ್ಲಿ ಸರಿಯಾಗಿ ಊಟ ಮಾಡಲಿಲ್ಲ. ಯಾವ ಪುಸ್ತಕ ಕೊಟ್ಟರೆ ಆ ಗಂಡಸು ಮಾತಾಡುತ್ತಾನೆ, ಮಾತಾಡಿ ಮಗಳನ್ನು ಬಿಟ್ಟುಕೊಡುತ್ತಾನೆ ಎಂದು ನಲವತ್ತೊಂದನ್ನೂ ಮನಸ್ಸಿನಲ್ಲೇ ಮಗುಚಿ ನೋಡಿದಳು. ಎಲ್ಲವೂ ಒಳ್ಳೆಯ ಪುಸ್ತಕಗಳೇ. ಸೋಮವಾರದೊಳಗೆ ಕೆಲಸಕ್ಕೆ ಬರುವಂಥದ್ದು ಒಂದೂ ಕಾಣಲಿಲ್ಲ.

ಶುಕ್ರವಾರ ಟ್ರಂಕು ತೆರೆದು ಎಣಿಸಿದರೆ ಒಂದು ಕಡಿಮೆ. ಯಾವುದು ಎಂದು ನೋಡಬೇಕಾಗಿಯೂ ಇರಲಿಲ್ಲ.

"ಬಾವಿ ಪುಸ್ತಕ ಯಾರ ಹತ್ತಿರ ಇದೆ?"

ಹಿಂದಿನ ಸಾಲಿನ ಚಿಕ್ಕವೆಂಕಟಮ್ಮ ಎದ್ದು ನಿಂತು ಲಂಗ ಹಿಂಡಿದಳು. "ನಾನೇ ತಗೊಂಡೋಗಿ ಕನಕಾಗೆ ಕೊಟ್ಟೆ ಟೀಚರ್. ಅವಳಪ್ಪನಿಗೆ ಬೇಕಂತೆ."

"ಅವಳಪ್ಪನಿಗೇ?"

"ಊಂ. ಅವಳು ಅಂಟಿಲ್ಲದ ಪುಟದಷ್ಟು ಕಥೆ ಯೋಳಿದ್ಲಂತೆ. ಅವರು ಕೇಳಿದ್ರಂತೆ, 'ಮೇಲೆ ಎಂಗೆ ಬಂದ?' ಅಂತ. ಇವಳಿಗೂ ಗೊತ್ತಿಲ್ಲ. ನಮ್ಗೆ ಯಾರ್ಗೂ ಗೊತ್ತಿಲ್ಲ." ಇಷ್ಟು ಹೇಳಿದ ಮೇಲೆ ಅವಳಿಗೆ ಧೈರ್ಯ ಬಂತು. "ಜಯರಾಮ ಕೇಜ್ ಬಂತು ಅಂತಾನೆ. ಬಾವೀಲಿ ಕೇಜ್ ಎಲ್ಲಿರ್ತದೆ ಟೀಚರ್? ನಾನು ಮೇಕೆನೇ ಅವನ್ನ ಎಳ್ಕೊಂಡು ಬಂತು ಅಂತೀನಿ."

"ನಿನ್ನ ತಲೆ," ಎಂದ ಜಯರಾಮ. "ಮೇಕೆ ಒಳಗೆ ಐತಲ್ಲೇ!"

ವೆಂಕಟರತ್ನಮ್ಮ ಕುರ್ಚಿಯ ಮೇಲೆ ಕುಳಿತುಬಿಟ್ಟಳು. ಅಂಟು ಒಂದೇ ಪುಟವನ್ನು ಮುಚ್ಚುವುದಿಲ್ಲ. ಎದುರು ಪುಟವನ್ನೂ ನುಂಗುತ್ತದೆ. ಕತ್ತಲ ಪುಟದ ಎದುರಿಗಿದ್ದದ್ದು ಸಿದ್ದನನ್ನು ಮೇಲೆತ್ತಿದ ಪುಟ. ಒಂದು ವರ್ಷದಿಂದ ಈ ಮಕ್ಕಳು, ಅಪ್ಪನನ್ನು ಕೆಳಗೆ ಕಳಿಸಿ ಪಾಳಿ ಮುಗಿಯಿತೆಂದು ಸಂಜೆ ಗಣಿಯ ಸಂಗು ಊದುವುದನ್ನು ಕಾಯುವ ಮಕ್ಕಳು, ಒಬ್ಬ ಹುಡುಗ ಇಳಿದದ್ದನ್ನು ಓದಿ, ಮೇಲೆ ಬಂದದ್ದನ್ನು ಓದದೆ ಪುಸ್ತಕ ಮಡಿಸುತ್ತಿದ್ದರು. ಅವಳು ಕತ್ತಲನ್ನು ಮುಚ್ಚಲು ಹೋಗಿ ಹಗ್ಗವನ್ನು ಮುಚ್ಚಿದ್ದಳು.

ಶಾಲೆ ಬಿಟ್ಟ ಕೂಡಲೇ ಲೈನಿಗೆ ಓಡಿದಳು. ಬೀದಿಯ ತಿರುವಿನಲ್ಲೇ ಗಂಡಸಿನ ಏರುದನಿ ಕೇಳಿ ಅವಳ ಕಾಲು ನಿಧಾನವಾಯಿತು. ಆರುಮುಗಂನ ಹೊಸ್ತಿಲ ಮುಂದೆ ಏಳೆಂಟು ಜನ ಸೇರಿದ್ದರು. ಬೇಯಿಸಿದ ಕಡಲೆಕಾಯಿ ಮಾರುವ ನೆರೆಮನೆಯ ಮುದುಕಿ ಪೆದ್ದಮ್ಮ ಬುಟ್ಟಿ ಇಳಿಸಿ ಕೂತೇಬಿಟ್ಟಿದ್ದಳು. ಕನಕಮ್ಮನ ಮಡಿಲಲ್ಲಿ ಪುಸ್ತಕ. ಅನ್ನದ ಹಬೆಗೆ ಹಿಡಿದು ಹಾಳೆ ಬಿಡಿಸಿದ್ದಳು. ಪುಟಗಳು ಹಪ್ಪಳದಂತೆ ಸೊಟ್ಟಗಾಗಿದ್ದರೂ ಒಂದು ಅಕ್ಷರವೂ ಹರಿದಿರಲಿಲ್ಲ.

"'ಕತ್ತಲಲ್ಲಿ ಸಿದ್ದನು ತನ್ನ ನಡುಗುವ ಕೈಗಳನ್ನು ನೋಡಿಕೊಂಡನು,'" ಎಂದು ಓದಿದಳು ಕನಕಮ್ಮ.

"ಸುಳ್ಳು!" ಆರುಮುಗಂ ನೆಲಕ್ಕೆ ಕೈ ಬಡಿದ. "ಯಾರಪ್ಪಾ ಬರ್ದೋನು? ಒಂದು ದಿನ ಕೆಳಗೆ ಇಳ್ದವ್ನಾ? ಲ್ಯಾಂಪ್ ಆರಿದ್ಮೇಲೆ ಕೈ ಎಲ್ಲಿ ಕಾಣ್ತದೆ? ಕಣ್ಣು ತೆಗ್ದಿದ್ರೂ ಒಂದೇ, ಮುಚ್ಚಿದ್ರೂ ಒಂದೇ. ಮುಚ್ಚೈತಾ ತೆಗ್ದೈತಾ ಅಂತ ಬೆರಳಿಟ್ಟು ನೋಡ್ಕೋಬೇಕು. ಮುಂದೆ ಓದು ಪಾಪಾ."

"'ಆಗ ಅಲ್ಲಿ ದೆವ್ವವೊಂದು ಬಂದು ನಕ್ಕಂತಾಯಿತು.'"

"ದೆವ್ವ!" ಅವನು ನಕ್ಕ. "ದೆವ್ವ ಬಂದಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಮಾತಾಡೋಕೆ ಒಬ್ಬ ಆಗ್ತಿದ್ದ."

ವೆಂಕಟರತ್ನಮ್ಮ ಜನರ ಹಿಂದೆ, ತಟ್ಟಿಗೆ ಒರಗಿ ನಿಂತಳು. ಅವನು ಯಾರಿಗೆ ಎಂದಿಲ್ಲದೆ ಹೇಳತೊಡಗಿದ.

"ಮುನಿಸ್ವಾಮಪ್ಪ ಇದ್ರು. ಕೆಳಗೆ ಕಲ್ಲು ಗಾಡಿ ತಳ್ಳೋ ಮುದುಕ. ಮೊದ್ಲು ನಾವಿಬ್ರೂ ಎಸರು ಕೂಗ್ಕೊಂಡ್ವಿ. ಆಮೇಲೆ ಗಾಳಿ ಪೈಪಿಗೆ ಕಲ್ಲಲ್ಲಿ ಬಡೀತಾ ಇದ್ವಿ. ನಾನು ಬಡಿಯೋದು, ಅವರು ಕೇಳೋದು. ಆಮೇಲೆ ಅವರು ಅಂದ್ರು, ಸುಮ್ಕೆ ಕೂತ್ರೆ ನಿದ್ದೆ ಬತ್ತದೆ, ನಿದ್ದೆ ಬಂದ್ರೆ ಕೆಟ್ಟೋದ್ವಿ, ಕಥೆ ಯೋಳ್ತೀನಿ ಕೇಳು. ಬೇತಮಂಗಲದಲ್ಲಿ ಅವರ ಮನೇಲಿ ಒಂದು ಎತ್ತು ಇತ್ತಂತೆ. ಮಹಾ ಅಟ. ಒಂದಿನ ಕೆರೆಗಿಳೀತಂತೆ. ಎಲ್ರೂ ಕೂಗವ್ರೆ, ಅದು ಮೇಲೆ ಬರಲ್ಲ. ಕತ್ತಿನ ತನಕ ನೀರು. ನಾನು ಕೇಳ್ದೆ, ಆಮೇಲೆ?" ಅವನು ಬೀದಿಯನ್ನು ನೋಡಿದ. "ಆಮೇಲೆ ಅಂತ ಎಷ್ಟು ಸಲ ಕೇಳಿದ್ನೋ. ಅವರ ಕೈ ನನ್ನ ಕೈಯಾಗೇ ಇತ್ತು."

ಮಾರಿಯಮ್ಮ ಬಾಗಿಲ ಒಳಗಿನಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕನಕಮ್ಮ ಪುಸ್ತಕ ಮಡಿಸದೆ, ಬೆರಳನ್ನು ಸಾಲಿನ ಮೇಲೇ ಇಟ್ಟು ಅಪ್ಪನನ್ನು ನೋಡುತ್ತಿದ್ದಳು.

"ಆ ಎತ್ತು ಎದ್ದು ಬಂತೋ ಇಲ್ವೋ, ಅದೊಂದು ಗೊತ್ತಾಗ್ಲಿಲ್ಲ," ಎಂದ ಆರುಮುಗಂ.

"ಬಂತು ಕಣಪ್ಪಾ," ಎಂದಳು ಪೆದ್ದಮ್ಮ, ಬುಟ್ಟಿಯ ಕಡಲೆಕಾಯಿಯನ್ನು ಕೈಯಿಂದ ಸರಿಪಡಿಸುತ್ತ. "ಆ ಎತ್ತು ನಂಗೆ ಗೊತ್ತಿಲ್ವಾ? ಒಂದು ಕೊಂಬು ಮುರ್ದಿತ್ತು. ದಡದಲ್ಲಿ ಉಳ್ಳಿ ಕಾಳು ಬೇಯಿಸಿದ ಗಮಲು ಬಂತು ನೋಡು, ತಾನೇ ಬುಸ್ ಬುಸ್ ಅಂತ ಎದ್ದು ಬಂತು. ಆಮೇಲೂ ನಾಲ್ಕು ವರ್ಷ ಉಳುಮೆ ಮಾಡ್ತು."

ಆರುಮುಗಂ ಅವಳನ್ನು ಬಹಳ ಹೊತ್ತು ನೋಡಿದ. ಅವನ ಭುಜ ನಿಧಾನವಾಗಿ ಇಳಿಯಿತು. "ಉಳ್ಳಿಗೆ ಬಂತಾ," ಎಂದ. ಮತ್ತೆ ಅಂದ, "ಉಳ್ಳಿಗೆ ಬಂತು." ಆಮೇಲೆ ಮುಖವನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡ. ಕನಕಮ್ಮ ಅವನ ಪಟ್ಟಿ ಹಾಕಿದ ಕಾಲಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.

ಟವೆಲ್ ತೆಗೆದಾಗ ಅವನಿಗೆ ಕಂಡದ್ದು ಟೀಚರು. "ನೀವೇನಾ ಅಂಟಾಕಿದ್ದು?"

"ನಾನೇ." ಅವಳು ಮುಂದೆ ಬಂದಳು. "ಮಕ್ಕಳು ಹೆದರ್ತಾರೆ ಅಂತ. ನಾನು ಬಂಗಾರಪೇಟೆಯವಳಪ್ಪ. ನೆಲ ಗುಡುಗಿದರೆ ಇವತ್ತಿಗೂ ಮೇಜು ಹಿಡ್ಕೊಳ್ತೀನಿ. ನನ್ನ ಭಯಾನ ಇವರದು ಅಂದ್ಕೊಂಡೆ. ತಪ್ಪಾಯ್ತು."

"ಎದ್ರಿಕೆ ಇರ್ತದೆ ಬಿಡಿ. ನಂಗಿಲ್ವಾ? ಆದ್ರೆ ಟೀಚರಮ್ಮಾ," ಅವನು ಪುಸ್ತಕವನ್ನು ಮಗಳ ಕೈಯಿಂದ ತೆಗೆದುಕೊಂಡು, ಅಕ್ಷರ ಬಾರದಿದ್ದರೂ ಸರಿಯಾದ ಪುಟದ ಚಿತ್ರಕ್ಕೇ ಬೆರಳಿಟ್ಟ, "ಇಳಿದೋನ್ನ ಮೇಲೆ ತರ್ದೆ ಪಾಯಸ ಇಕ್ಕಿದ್ರೆ ಎಂಗಮ್ಮಾ? ಈ ಪುಟ ನೋಡಿ. ನಾಲ್ಕು ಎಂಗಸ್ರು ಎಳೀತವ್ರೆ. ಅಗ್ಗಾನ ಉಣಸೆ ಮರಕ್ಕೆ ಎರಡು ಸುತ್ತು ಸುತ್ತವ್ರೆ. ಇದು ಕರೆಕ್ಟ್. ಕತ್ಲೆ ಬಗ್ಗೆ ಬರ್ದೋನಿಗೇನೂ ಗೊತ್ತಿಲ್ಲ. ಅಗ್ಗದ ಬಗ್ಗೆ ಗೊತ್ತೈತೆ. ಇದನ್ನ ಯಾರಾದ್ರೂ ಮುಚ್ತಾರಾ?"

"ಇನ್ನು ಮುಚ್ಚೋದಿಲ್ಲ," ಎಂದಳು ವೆಂಕಟರತ್ನಮ್ಮ. ಆಮೇಲೆ ಅವಳಿಗೇ ತಿಳಿಯದಷ್ಟು ಧೈರ್ಯ ಬಂತು. "ಟ್ರಂಕಿನಲ್ಲಿ ಇನ್ನೂ ನಲವತ್ತಿವೆ. ಹನ್ನೊಂದರಲ್ಲಿ ಅಂಟು ಹಾಕಿದ್ದೀನಿ. ಬಿಡಿಸಿದ ಮೇಲೆ ಯಾವುದು ಚೆನ್ನಾಗಿದೆ, ಯಾವುದು ಸುಳ್ಳು ಅಂತ ಕೇಳಿ ಹೇಳೋರು ಬೇಕು. ಶಾಲೆಗೆ ಬರ್ತೀರಾ? ಜಗಲಿ ಮೇಲೆ, ಬಾಗಿಲ ಎದುರಿಗೇ ಕೂತ್ಕೊಳ್ಳಿ. ಕನಕ ಒಳಗೆ ಕೂತಿರ್ತಾಳೆ. ನಿಮಗೆ ಕಾಣ್ತಾಳೆ."

ಆರುಮುಗಂ ತನ್ನ ಬಿಳಿ ಕಾಲನ್ನು ನೋಡಿಕೊಂಡ. "ಈ ಕಂಬ ಎತ್ಕೊಂಡು ಎಂಗಮ್ಮಾ ಬರ್ಲಿ?"

"ನಾವಿಲ್ವೇನಣ್ಣಾ?" ಎಂದಿತು ಗುಂಪಿನಿಂದ ಒಂದು ದನಿ. "ರಾತ್ರಿ ಶಿಫ್ಟ್ ಮುಗ್ಸಿ ಬರ್ತಾ ಕುರ್ಚೀಲಿ ಒತ್ಕೊಂಡೋಗಿ ಬಿಡ್ತೀವಿ. ಸಂಜೆ ಅಗಲು ಶಿಫ್ಟ್‌ನೋರು ತಂದಾಕ್ಲಿ."

ಹೊರಡುವಾಗ ಬೀದಿಯ ಕೊನೆಯಲ್ಲಿ ಅವಳು ಪೆದ್ದಮ್ಮನನ್ನು ಕೂಡಿಕೊಂಡಳು. "ನಿಮ್ಮದು ಬೇತಮಂಗಲವೇನಮ್ಮಾ?"

"ಅಯ್ಯೋ ಇಲ್ಲಮ್ಮಾ. ಕುಪ್ಪಂ ಆಚೆ ಒಂದಳ್ಳಿ."

"ಮತ್ತೆ ಆ ಎತ್ತು?"

ಮುದುಕಿ ಬುಟ್ಟಿಯನ್ನು ತಲೆಯ ಮೇಲೆ ಸರಿಮಾಡಿಕೊಂಡು ಅವಳನ್ನು ಕನಿಕರದಿಂದ ನೋಡಿದಳು. "ಎತ್ತು ಕೆರೇಲೇ ಸಂಸಾರ ಮಾಡ್ತದಾ ತಾಯಿ? ಬಂದೇ ಇರ್ತದೆ."

ಬಿ.ಎ. ಓದಿದವಳು, ಒಂದು ಮಾತನ್ನು ಆಡುವ ಮೊದಲು ಎರಡು ಸಲ ತೂಗುವವಳು, ಅದನ್ನು ಮಾತ್ರ ತೂಗದೆ ಊರಿಗಾಂ ಸ್ಟೇಷನ್ನಿನ ತನಕ ನಡೆದಳು.

ಭಾನುವಾರ ನರಸಮ್ಮ ಇಡ್ಲಿ ಪಾತ್ರೆ ಇಟ್ಟಾಗ, ಮಗಳು ಹನ್ನೊಂದು ಪುಸ್ತಕಗಳನ್ನು ತಂದು ಪಕ್ಕದಲ್ಲಿ ಜೋಡಿಸಿದಳು.

"ಇದೇನೇ ಇದು?"

"ಹಬೆ ಬೇಕಮ್ಮ. ಅಂಟು ಬಿಡಿಸಬೇಕು."

"ಅಂಟಿಸೋಕೆ ಒಂದು ವರ್ಷ, ಬಿಡಿಸೋಕೆ ಒಂದು ವರ್ಷ," ಎಂದು ನರಸಮ್ಮ ಹಣೆ ಚಚ್ಚಿಕೊಂಡಳು. "ನಿನಗೆ ಗಂಡು ಉಡುಕೋದು ಯಾವ ವರ್ಷಾನೋ." ಆದರೂ ಮೊದಲನೆಯ ಪುಸ್ತಕವನ್ನು ಹಬೆಗೆ ಹಿಡಿದವಳು ಅವಳೇ.

ಸೋಮವಾರ ಬೆಳಿಗ್ಗೆ ಆರುಮುಗಂನ ಮೆರವಣಿಗೆ ಬಂತು. ಇಬ್ಬರು ಗಣಿಯಾಳುಗಳು ಕುರ್ಚಿ ಹೊತ್ತಿದ್ದರು. ಹಿಂದೆ ಲೈನಿನ ಮಕ್ಕಳ ದಂಡು. "ಉತ್ಸವಮೂರ್ತಿ ಬಂತು, ದಾರಿ ಬಿಡ್ರಲಾ!" ಎಂದು ಜಯರಾಮ ಕೂಗಿದ. ಕನಕಮ್ಮ ಕುರ್ಚಿಯ ಪಕ್ಕದಲ್ಲೇ, ಅಪ್ಪನ ಕಣ್ಣಳತೆ ಬಿಡದೆ ನಡೆದು ಬರುತ್ತಿದ್ದಳು.

ಕೋದಂಡಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದು ಶಾಲೆಯೋ ಆಸ್ಪತ್ರೆಯೋ ವೆಂಕಟರತ್ನಮ್ಮ?"

"ಹೊರಗಿನವರನ್ನು ಕೂರಿಸಬಾರದು ಅಂತ ಕಾನೂನಿದೆಯಾ ಸಾರ್?"

"ಇದೆ." ಅವರು ಕುರ್ಚಿಯವನನ್ನು, ಅವನ ಹಣೆಯ ಬೆವರನ್ನು, ಬಾಗಿಲಲ್ಲೇ ನಿಂತ ಹುಡುಗಿಯನ್ನು ನೋಡಿದರು. "ಪುಸ್ತಕದ ಟ್ರಂಕನ್ನೂ ಜಗಲಿ ಮೇಲೆ ಇಡಿ. ಕಾವಲಿಗೆ ಜನ ಬೇಕಾಗ್ತದಲ್ಲ. ಕಾವಲುಗಾರ ಹೊರಗಿನವನಾಗೋದಿಲ್ಲ." ಹೇಳಿ, ಯಾರಾದರೂ ಧನ್ಯವಾದ ಹೇಳಿಬಿಟ್ಟಾರೆಂದು ಸರಸರನೆ ಒಳಗೆ ಹೋದರು.

ಹಾಜರಿ ಕರೆಯುವಾಗ ವೆಂಕಟರತ್ನಮ್ಮ ಆ ಹೆಸರನ್ನು ಬೇರೆ ಹೆಸರುಗಳಂತೆಯೇ ಕರೆದಳು. ದನಿ ಬದಲಾಗದಂತೆ ಎಚ್ಚರ ವಹಿಸಿದಳು. "ಇದ್ದೀನಿ ಟೀಚರ್," ಎಂದಳು ಕನಕಮ್ಮ.

ಮೊದಲ ಗಂಟೆಗಳು ಸುಲಭವಾಗಿರಲಿಲ್ಲ. ಕನಕಮ್ಮ ಲೆಕ್ಕ ಒಂದು ಸಾಲು ಬರೆದು ಹೊರಗೆ ನೋಡುವಳು. ಹೊರಗಿನವನು ಒಳಗೆ ನೋಡುವನು. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಟ್ರಂಕಿನ ಸುತ್ತ ಮುತ್ತಿದರು. ಬಿಡಿಸಿದ ಪುಟಗಳನ್ನು ಕಂಡು ಕಿರುಚಿದರು. ಬಾವಿ ಪುಸ್ತಕವನ್ನು ಚಿಕ್ಕವೆಂಕಟಮ್ಮ ಎಲ್ಲರಿಗೂ ಕೇಳುವಂತೆ ಓದಿದಳು. ಹಗ್ಗ ಮೇಲೆ ಬಂದಾಗ ಜಯರಾಮ ಮಾತ್ರ, ಕೇಜ್ ಆಗಿದ್ದರೆ ಇನ್ನೂ ಬೇಗ ಬರ್ತಿತ್ತು ಎಂದು ಗೊಣಗಿದ. ಆರುಮುಗಂ ಒಂದೊಂದು ಪುಸ್ತಕಕ್ಕೂ ಒಂದೇ ಪ್ರಶ್ನೆ ಕೇಳುತ್ತಿದ್ದ: "ಇದರಾಗೆ ಯಾರು ಸಿಕ್ಕಾಕ್ಕೊಳ್ತಾರೆ? ಎಂಗೆ ಈಚೆ ಬತ್ತಾರೆ?" ಸರಿಯಾದ ಉತ್ತರ ಬಂದರೆ ಪುಸ್ತಕವನ್ನು ಬಲಗಡೆ ಇಡುತ್ತಿದ್ದ. "ಇದು ತಗೊಂಡೋಗು, ಗಟ್ಟಿ ಪುಸ್ತಕ." ಯಾರೂ ಎಲ್ಲಿಯೂ ಸಿಕ್ಕಿಕೊಳ್ಳದ ದರ್ಜಿ ಪುಸ್ತಕವನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡ. ವೆಂಕಟರತ್ನಮ್ಮ ತನ್ನ ನೋಟ್‌ಬುಕ್ಕನ್ನು ಚೀಲದಿಂದ ತೆಗೆಯಲೇ ಇಲ್ಲ.

ಕೊನೆಯ ಪೀರಿಯಡ್ ಡ್ರಿಲ್ಲು. ಮಕ್ಕಳು ಶಾಲೆಯ ಹಿಂದಿನ ಬಯಲಿಗೆ ಹೋಗಬೇಕು. ಜಗಲಿಯಿಂದ ಅದು ಕಾಣುವುದಿಲ್ಲ. ಕೋದಂಡಪ್ಪನವರ ಹಿಂದೆ ಸಾಲು ಹೊರಟಿತು. ಕನಕಮ್ಮ ಮಾತ್ರ ಬೆಂಚಿನಲ್ಲೇ ಉಳಿದಳು, ಪಾಟಿಯನ್ನು ಎದೆಗೊತ್ತಿಕೊಂಡು.

"ನೀನು ಇಲ್ಲೇ ಇರು ಪರವಾಗಿಲ್ಲ," ಎಂದು ವೆಂಕಟರತ್ನಮ್ಮ ಹೇಳಲು ಬಾಯಿ ತೆರೆದಳು.

"ಓಗು ಪಾಪಾ," ಎಂದ ಆರುಮುಗಂ, ಅಷ್ಟರಲ್ಲಿ.

ಅವನು ಈ ಕಡೆ ತಿರುಗಿರಲಿಲ್ಲ. ಒಂದನೇ ಕ್ಲಾಸಿನ ಪುಟಾಣಿಯೊಬ್ಬಳು ಅವನ ಮುಂದೆ ಮಂಡಿಯೂರಿ, ಕೋಳಿ ಪುಸ್ತಕವನ್ನು ಬೆರಳಿಟ್ಟು ಓದುತ್ತಿದ್ದಳು. "ಓಗು. ನಂಗೆ ಇಲ್ಲಿ ಕೆಲ್ಸ ಐತೆ. ಈ ಕೋಳಿಯಮ್ಮಂಗೆ ಒಂದು ಮರಿ ಕಮ್ಮಿ ಬೀಳ್ತೈತಂತೆ."

ಕನಕಮ್ಮ ಟೀಚರನ್ನು ನೋಡಿದಳು. ಟೀಚರಿಗೆ ಕಂಡದ್ದು ಅವನ ಎಡಗೈ. ಟ್ರಂಕಿನ ಅಂಚನ್ನು ಬೆರಳಿನ ಗಿಣ್ಣು ಬೆಳ್ಳಗಾಗುವಂತೆ ಹಿಡಿದಿತ್ತು. ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ಬೇಡ ಎಂದುಬಿಡಲೇ? ಇವತ್ತಿಗೆ ಸಾಕು ಎನ್ನಲೇ? ಅವಳ ನಾಲಿಗೆಯ ತುದಿಗೆ ಬಂದ ಮಾತನ್ನು ಅವಳು ಅಲ್ಲೇ ತಡೆದಳು. ಹೋಗು ಎಂದು ತಲೆ ಆಡಿಸಿದಳು.

ಹುಡುಗಿ ಪಾಟಿ ಇಟ್ಟು, ಮೊದಲು ನಡೆದು, ಆಮೇಲೆ ಓಡಿ, ಗೋಡೆಯ ಮೂಲೆ ತಿರುಗಿ ಕಾಣದಾದಳು.

ವೆಂಕಟರತ್ನಮ್ಮ ತನ್ನ ಕುರ್ಚಿಯನ್ನು ಜಗಲಿಗೆ ಎಳೆದು ತಂದು, ಟ್ರಂಕಿನ ಈ ಬದಿಗೆ ಕುಳಿತಳು. ಹಿಂದಿನ ಬಯಲಿನಿಂದ ಒಂದು, ಎರಡು, ಮೂರು ಎಂಬ ಕೂಗು ಕೇಳುತ್ತಿತ್ತು. ಪುಟಾಣಿ ಬೆರಳನ್ನು ಮುಂದಿನ ಅಕ್ಷರಕ್ಕೆ ಸರಿಸಿ ತಡವರಿಸಿತು.

"ಅವಸರ ಇಲ್ಲ ಕಣ್ಣೂ," ಎಂದ ಆರುಮುಗಂ. "ನಿಧಾನಕ್ಕೆ ಓದು. ಆ ಮರಿ ಎಲ್ಲೈತೆ ಅಂತ ಮೂರು ಜನಾನೂ ಸೇರಿ ನೋಡಾಣ."